ಗ್ಯಾಲರಿ ಎಲ್ಲಿ ಹೋಯ್ತು?

ಶನಿವಾರ ಸಂಜೆ ಚರ್ಚ್ ಸ್ಟ್ರೀಟಿನಲ್ಲಿ ಒಂದು ಸುತ್ತು ಹಾಕಿ. ನಮ್ಮ ಹುಡುಗರು ತೊಟ್ಟ ಅಂಗಿಗಳನ್ನು ನೋಡಿ. ಒಬ್ಬನದು ಮ್ಯಾಂಚೆಸ್ಟರ್, ಒಬ್ಬನದು ಲಿವರ್‌ಪೂಲ್, ಇನ್ನೊಬ್ಬನದು ಬಾರ್ಸಿಲೋನಾ. ಹೋಟೆಲಿನ ಗೋಡೆಗೆ ನೇತುಹಾಕಿದ ದೊಡ್ಡ ಟೀವಿಯ ಮುಂದೆ ಕೂತು ಕೂಗುತ್ತಾರೆ, ಎದ್ದು ಕುಣಿಯುತ್ತಾರೆ, ಸೋತರೆ ಊಟ ಬಿಡುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ ಗೋಲು ಹೊಡೆದ ಆ ಪುಣ್ಯಾತ್ಮನಿಗೆ ಇವರ ಕೂಗು ಕೇಳಿಸುವುದಿಲ್ಲ.

ನೋಡಲಿ ಬಿಡಿ, ತಪ್ಪೇನಿಲ್ಲ. ಒಳ್ಳೆಯ ಆಟ ಎಲ್ಲಿದ್ದರೂ ನೋಡಬೇಕು. ಆದರೆ ಅದೇ ಹುಡುಗರನ್ನು ಹಿಡಿದು ನಿಲ್ಲಿಸಿ, 'ಕೆಂಪಯ್ಯ ಯಾರು ಗೊತ್ತೇನ್ರಪ್ಪಾ?' ಅಂತ ಕೇಳಿ. ಮುಖ ಮುಖ ನೋಡಿಕೊಳ್ಳುತ್ತಾರೆ. ಯಾವುದೋ ಸಿನಿಮಾ ಪಾತ್ರ ಇರಬೇಕು ಅಂದುಕೊಳ್ಳುತ್ತಾರೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ಆ ತಂಡದಲ್ಲಿ ಇದ್ದವರು, 1960ರಲ್ಲಿ ರೋಮಿಗೂ ಹೋದವರು, ನಮ್ಮ ಬೆಂಗಳೂರಿನ ಕೆಂಪಯ್ಯ. ಈ ಊರಿನ ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದವರು. ಅವರ ಆಟ ನೋಡಲು ಯಾರೂ ಡಿಶ್ ಹಾಕಿಸಬೇಕಿರಲಿಲ್ಲ. ಕಾಲಿದ್ದರೆ ಸಾಕಿತ್ತು, ನಡೆದುಕೊಂಡು ಹೋಗಬಹುದಿತ್ತು.

ನಾನು ಬರೆಯಹೊರಟಿದ್ದು ಆ 'ನಡೆದುಕೊಂಡು ಹೋಗುವುದರ' ಬಗ್ಗೆ. ಮುದುಕರ ಹಳಹಳಿಕೆ ಅಂತ ಪುಟ ಮಗುಚಬೇಡಿ. ಕೊನೆಗೆ ಜಗಳಕ್ಕೆ ಬೇಕಾದ ಸರಕೂ ಇದೆ.

ಮಧ್ಯಾಹ್ನದ ಪಂದ್ಯ

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಎಲ್ಲಿದೆ ಅಂತ ಇವತ್ತು ಹೇಳಬೇಕಾದರೆ 'ಗರುಡಾ ಮಾಲ್ ಹತ್ತಿರ' ಅನ್ನಬೇಕು. ಆಗ ಮಾಲ್ ಇರಲಿಲ್ಲ, ಸ್ಟೇಡಿಯಮ್ಮೇ ಗುರುತು. ಪಂದ್ಯ ಶುರುವಾಗುತ್ತಿದ್ದದ್ದು ಬಿಸಿಲು ಇಳಿಯುವ ಹೊತ್ತಿಗೆ. ಮುಗಿಯುತ್ತಿದ್ದದ್ದು ಕತ್ತಲಾಗುವುದರೊಳಗೆ. ದೊಡ್ಡ ದೀಪಗಳಿರಲಿಲ್ಲ, ಸೂರ್ಯನೇ ಟೈಮ್ ಕೀಪರ್.

ಆಸ್ಟಿನ್ ಟೌನ್, ನೀಲಸಂದ್ರ, ಶೂಲೆ, ಹಲಸೂರು, ಗೌತಮಪುರ, ಮರ್ಫಿ ಟೌನ್, ಶಿವಾಜಿನಗರದಿಂದ ಜನ ಗುಂಪುಗುಂಪಾಗಿ ನಡೆದು ಬರುತ್ತಿದ್ದರು. ದೂರದವರು ಸೈಕಲ್ಲಿನಲ್ಲಿ, ಡಬಲ್ ರೈಡ್. ಫ್ಯಾಕ್ಟರಿ ಶಿಫ್ಟು ಮುಗಿಸಿ ಬಂದವರ ಕೈಯಲ್ಲಿ ಊಟದ ಕ್ಯಾರಿಯರ್ ಇನ್ನೂ ಇರುತ್ತಿತ್ತು. ಬಾಗಿಲಲ್ಲಿ ಕಡಲೆಕಾಯಿ, ಮಾವಿನಕಾಯಿ, ಸೌತೆಕಾಯಿ. ಟಿಕೆಟು ಎಷ್ಟು ಅಗ್ಗವೆಂದರೆ ಸ್ಕೂಲು ಹುಡುಗ ಬಸ್ಸಿನ ಕಾಸು ಉಳಿಸಿ ಒಳಗೆ ನುಗ್ಗಬಹುದಿತ್ತು. ಅದೂ ಇಲ್ಲದವನಿಗೆ ಮರದ ಕೊಂಬೆ ಇತ್ತು, ಕಾಂಪೌಂಡ್ ಗೋಡೆ ಇತ್ತು.

ಒಳಗೆ ಹೋದರೆ ಕುರ್ಚಿ ನಂಬರ್ ಎಲ್ಲಾ ಇಲ್ಲ. ಸಿಮೆಂಟಿನ ಮೆಟ್ಟಿಲು. ಪೇಪರ್ ಹಾಸಿದವನದೇ ಜಾಗ. ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಒಂದು ಕಡೆ ಶಿವಾಜಿನಗರದ ಸಾಬರು, ಇನ್ನೊಂದು ಕಡೆ ಎಚ್‌ಎಎಲ್ ಫಿಟ್ಟರು, ಹಿಂದೆ ಆಂಗ್ಲೋ ಇಂಡಿಯನ್ ಮುದುಕ, ಮುಂದೆ ಪೇಟೆಯಿಂದ ಬಂದ ಅಂಗಡಿ ಹುಡುಗ. ಇವರೆಲ್ಲರ ಬಾಯಲ್ಲಿ ಒಂದೇ ಮಾತು: 'ಲೇ, ಪಾಸ್ ಕೊಡೋ!' ರೆಫ್ರಿ ಆಫ್‌ಸೈಡ್ ಕೊಟ್ಟರೆ, 'ಸ್ವಾಮೀ, ಕನ್ನಡಕ ಹಾಕ್ಕೊಂಡು ಬನ್ನಿ!' ಆ ಗ್ಯಾಲರಿಯಲ್ಲಿ ಪ್ರತಿ ಮೂರನೇ ಮುದುಕನೂ ಒಬ್ಬ ಕೋಚು. ಇಪ್ಪತ್ತು ವರ್ಷದ ಹಿಂದಿನ ಗೋಲನ್ನು ಯಾವ ಕಾಲಲ್ಲಿ ಹೊಡೆದದ್ದು, ಗೋಲಿ ಯಾವ ಕಡೆ ಬಿದ್ದ, ಎಲ್ಲಾ ಹೇಳುತ್ತಿದ್ದರು. ಹೈಲೈಟ್ಸ್ ಇಲ್ಲದ ಕಾಲ. ಆ ಮುದುಕರ ಬಾಯೇ ನಮ್ಮ ಹೈಲೈಟ್ಸು.

ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸಿಐಎಲ್, ಎಂಇಜಿ, ಎಎಸ್‌ಸಿ. ಈ ಮೂರು ನಾಲ್ಕು ಅಕ್ಷರದ ಹೆಸರುಗಳನ್ನು ಕೇಳಿದರೆ ಈಗಿನವರಿಗೆ ಯಾವುದೋ ಪರೀಕ್ಷೆ ಇರಬೇಕು ಅನ್ನಿಸೀತು. ನಮಗೆ ಅವು ತಂಡಗಳು. ನಮ್ಮ ಬೀದಿಯ ಹುಡುಗ ಐಟಿಐಗೆ ಆಡುತ್ತಾನೆ ಅಂದರೆ ಅವನಿಗೆ ನೌಕರಿ ಸಿಕ್ಕಿದೆ ಅಂತ ಅರ್ಥ. ಬೆಳಿಗ್ಗೆ ಹಾಲಿನ ಕ್ಯೂನಲ್ಲಿ ನಿಂತಿದ್ದವನನ್ನು ಸಂಜೆ ಮೈದಾನದಲ್ಲಿ ನೋಡುತ್ತಿದ್ದೆವು. ಚೆನ್ನಾಗಿ ಆಡದಿದ್ದರೆ ಮರುದಿನ ಅದೇ ಕ್ಯೂನಲ್ಲಿ ಕೇಳುತ್ತಿದ್ದೆವು, 'ಏನಣ್ಣಾ ನಿನ್ನೆ ಹಂಗೆ ಮಾಡಿಬಿಟ್ಟೆ?' ಅವನೂ ಉತ್ತರ ಕೊಡುತ್ತಿದ್ದ. ಇವತ್ತು ಯಾವ ಸ್ಟಾರ್ ಆಟಗಾರನನ್ನು ಹೀಗೆ ಕೇಳಬಲ್ಲಿರಿ?

ಬರಿಗಾಲಿನ ಮೈಸೂರು

ಫುಟ್‌ಬಾಲ್ ಕಂಟೋನ್ಮೆಂಟಿನ ಆಟ, ಬ್ರಿಟಿಷ್ ಸೋಲ್ಜರುಗಳು ಬಿಟ್ಟುಹೋದ ಆಟ, ಕನ್ನಡದವರಿಗೂ ಅದಕ್ಕೂ ಏನು ಸಂಬಂಧ ಅಂತ ಮೂಗು ಮುರಿಯುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ಸ್ವಲ್ಪ ಚರಿತ್ರೆ ಹೇಳಬೇಕು.

ಬೊಂಬಾಯಿಯ ರೋವರ್ಸ್ ಕಪ್ ಬಹುಕಾಲ ಬಿಳಿ ಸೋಲ್ಜರುಗಳ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಅವರಿಂದ ಕಿತ್ತುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1938ರಲ್ಲಿ ಮತ್ತೆ ಗೆದ್ದರು. ನಮ್ಮ ಊರಿನ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಗೆದ್ದವರು ಅವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟೇ ಇಲ್ಲ. 2-1ರಲ್ಲಿ ಸೋತೆವು, ಎರಡು ಪೆನಾಲ್ಟಿ ಹಾಳಾಯಿತು. ಆದರೆ ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಜನ ತಮ್ಮ ಐವರು ಫಾರ್ವರ್ಡ್‌ಗಳನ್ನು 'ಪಂಚಪಾಂಡವರು' ಅಂತ ಕರೆದರಲ್ಲ, ಅವರಲ್ಲಿ ಒಬ್ಬರು ಈ ಅಹ್ಮದ್ ಖಾನ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಈ ಊರಿನ ಹುಡುಗ. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್-ಜವ್ರಾ ಮೇಲೆ ಹ್ಯಾಟ್ರಿಕ್ ಹೊಡೆದ. ಆ ಪಂದ್ಯ 6-2. ಆಮೇಲೆ ಭಾರತದ ನಾಯಕನೂ ಆದ. 2020ರ ಅಕ್ಟೋಬರಿನಲ್ಲಿ, ಐವತ್ತು ತುಂಬುವ ಮೊದಲೇ, ಬೆಂಗಳೂರಿನಲ್ಲೇ ತೀರಿಹೋದ.

ರಾಮನ್, ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ, ಚಾಪ್‌ಮನ್. ಹೆಸರು ನೋಡಿದರೆ ಐದು ಮನೆಯವರು. ಊರು ಒಂದೇ. ಗೆಳೆಯರೇ, ಬೆಂಗಳೂರಿನ ಪೇಟೆಗೂ ದಂಡಿಗೂ 1949ರವರೆಗೆ ಆಡಳಿತವೇ ಬೇರೆ ಬೇರೆ ಇತ್ತು. ಕಾಗದದ ಮೇಲೆ ಅವನ್ನು ಒಂದು ಮಾಡಿದ್ದು ಸರ್ಕಾರ. ಜನರನ್ನು ಒಂದೇ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಿಸಿದ್ದು ಈ ಗ್ಯಾಲರಿ.

ಅವರೆಲ್ಲ ಒಂದಾಗುತ್ತಿದ್ದದ್ದು ಯಾವ ಹೆಸರಿನಲ್ಲಿ? 'ಮೈಸೂರು' ಅನ್ನುವ ಹೆಸರಿನಲ್ಲಿ. ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲಿ ಗೆದ್ದಿತು, 1952-53ರಲ್ಲಿ ಗೆದ್ದಿತು, 1967-68 ಮತ್ತು 1968-69ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು. ಬಂಗಾಳದವರಂಥ ಬಂಗಾಳದವರನ್ನು ಮಣಿಸಿತು. ಮನೆಯಲ್ಲಿ ತಮಿಳು ಮಾತಾಡುವ ಹುಡುಗ, ಉರ್ದು ಮಾತಾಡುವ ಹುಡುಗ, ಇಂಗ್ಲಿಷ್ ಮಾತಾಡುವ ಹುಡುಗ ಮೈಸೂರಿನ ಅಂಗಿ ತೊಟ್ಟರು. ಅವರಿಗೆ ಜೈಕಾರ ಹಾಕಿದವರೂ ಹಾಗೇ ಬಗೆಬಗೆಯವರು. 'ಕನ್ನಡ ಕಲಿಯಿರಿ' ಅಂತ ಸ್ಟೇಡಿಯಮ್ಮಿನಲ್ಲಿ ಬೋರ್ಡು ಇರಲಿಲ್ಲ. ಪಕ್ಕದವನ ಜೊತೆ ವಾದ ಮಾಡಬೇಕಿತ್ತು, ರೆಫ್ರಿಯನ್ನು ಅವನಿಗೆ ಅರ್ಥವಾಗುವ ಮಾತಿನಲ್ಲಿ ಬೈಯಬೇಕಿತ್ತು. ಹಾಗೆ ಕಲಿತರು. ನಮ್ಮಂಥ ಕನ್ನಡದ ಹುಡುಗರು ನಾಲ್ಕು ಮಾತು ದಖನಿ ಕಲಿತೆವು. ಈ ಊರಿನಲ್ಲಿ ಕನ್ನಡ ಹೀಗೂ ಬೆಳೆದಿದೆ. ಪಕ್ಕದಲ್ಲಿ ಕೂತವನೊಂದಿಗೆ ಕಡಲೆಕಾಯಿ ಹಂಚಿಕೊಂಡು ಬೆಳೆದಿದೆ. ಆಸ್ಟಿನ್ ಟೌನಿಗೆ ಕೊನೆಗೆ ಯಾರ ಹೆಸರು ಇಟ್ಟರು ಗೊತ್ತೇ? ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್ ಸಾಹೇಬರದು. ಕಿಟ್ಟೆಲ್ ನಗರ. ಫುಟ್‌ಬಾಲಿನ ಬೀದಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿ ಸಿಗಬೇಕು? ಇನ್ನು ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಂತಿದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆ! ಹೋಗಿ ನೋಡಿ ಬನ್ನಿ.

ಕದ್ದವರು ಯಾರು?

ಇಷ್ಟೆಲ್ಲಾ ಇದ್ದ ಗ್ಯಾಲರಿ ಖಾಲಿಯಾದದ್ದು ಹೇಗೆ? ಯಾರನ್ನು ಕೇಳಿದರೂ ಸಿದ್ಧ ಉತ್ತರವಿದೆ. ಟೀವಿ ಬಂತು, 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದರು, ಜನ ಕ್ರಿಕೆಟ್ ಹಿಂದೆ ಹೋದರು. ಅರ್ಧ ನಿಜ. ಆದರೆ ಅದೇ ಟೀವಿ, ಅದೇ ಕ್ರಿಕೆಟ್ ಕಲ್ಕತ್ತೆಗೂ ಹೋಯಿತು, ಕೇರಳಕ್ಕೂ ಹೋಯಿತು. ಅಲ್ಲಿ ಗ್ಯಾಲರಿ ಸಾಯಲಿಲ್ಲವಲ್ಲ?

ನಮ್ಮಲ್ಲಿ ಹೋದದ್ದು ಬೇರೆ. ನಾಲ್ಕು ಗಂಟೆಗೆ ಬಿಡುವಾಗುತ್ತಿದ್ದ ದುಡಿಮೆಗಾರ ಹೋದ.

ಲೆಕ್ಕ ಹಾಕಿ. ಎಚ್‌ಎಎಲ್ ಬಂದದ್ದು 1940ರಲ್ಲಿ. ಐಟಿಐ 1948ರಲ್ಲಿ. ಬಿಇಎಲ್ 1954ರಲ್ಲಿ. ಈ ಕಾರ್ಖಾನೆಗಳು ಬೆಂಗಳೂರಿಗೆ ವಿಮಾನ, ಟೆಲಿಫೋನು ಮಾತ್ರ ಕೊಡಲಿಲ್ಲ, ಒಂದು ದಿನಚರಿ ಕೊಟ್ಟವು. ಬೆಳಿಗ್ಗೆ ಸೈರನ್, ಮಧ್ಯಾಹ್ನ ಕ್ಯಾಂಟೀನು, ಸಾಯಂಕಾಲ ಬಿಡುಗಡೆ. ಆಟಗಾರನಿಗೆ ಖಾಯಂ ಕೆಲಸ, ಅಭ್ಯಾಸಕ್ಕೆ ರಜೆ, ಕಾಲು ಮುರಿದರೂ ಸಂಬಳ, ಆಟ ಬಿಟ್ಟ ಮೇಲೆ ಪಿಂಚಣಿ. ಅಪ್ಪ ಅಮ್ಮ ಮಗನಿಗೆ 'ಹೋಗಿ ಆಡೋ' ಅನ್ನಲು ಒಂದು ಕಾರಣ ಇತ್ತು. ನೋಡುವವನಿಗೂ ಅದೇ. ಶಿಫ್ಟು ಮುಗಿದರೆ ಕೈಯಲ್ಲಿ ಸಂಜೆ ಇತ್ತು, ಜೇಬಿನಲ್ಲಿ ಟಿಕೆಟ್ಟಿನಷ್ಟು ಚಿಲ್ಲರೆ ಇತ್ತು.

1991ರ ನಂತರ ಉದಾರೀಕರಣ ಬಂತು. ಟೆಲಿಫೋನ್ ಮಾರುಕಟ್ಟೆಗೆ ವಿದೇಶೀ ಕಂಪನಿಗಳು ಬಂದವು, ಐಟಿಐ ಸೊರಗಿತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಖಾಯಂ ನೌಕರಿ ಹೋಗಿ ಗುತ್ತಿಗೆ ಬಂತು. ಗುತ್ತಿಗೆ ಕೂಲಿಯವನಿಗೆ ಸ್ಪೋರ್ಟ್ಸ್ ಕೋಟಾ ಯಾರು ಕೊಡುತ್ತಾರೆ? ಎಚ್‌ಎಎಲ್ ತಂಡ ಹೇಗೋ ಉಸಿರು ಹಿಡಿದು ದೇಶದ ದೊಡ್ಡ ಲೀಗಿನಲ್ಲಿ ಆಡಿತು, 2012ರಲ್ಲಿ ಐ-ಲೀಗಿನಿಂದ ಕೆಳಗೆ ಬಿತ್ತು. ಇತ್ತ ಊರು ಬೆಳೆದು ನಡೆಯುವ ದಾರಿಗಳೇ ಮಾಯವಾದವು. ರಾತ್ರಿ ಪಾಳಿಯ ಕಾಲ್ ಸೆಂಟರ್ ಬಂದಿತು. ಸಂಜೆ ನಾಲ್ಕಕ್ಕೆ ಯಾವ ಹುಡುಗ ಬಿಡುವಾಗಿರುತ್ತಾನೆ ಹೇಳಿ? ನಿಮ್ಮ ಸಂಜೆಯನ್ನು ಕಿತ್ತುಕೊಂಡವರು ನಿಮಗೆ ಅದನ್ನೇ ಟೀವಿಯಲ್ಲಿ, ರಾತ್ರಿ, ತಿಂಗಳ ಬಾಡಿಗೆಗೆ ವಾಪಸ್ ಮಾರುತ್ತಿದ್ದಾರೆ.

ಸ್ಟೇಡಿಯಮ್ಮಿನ ಗತಿಯೂ ಅಷ್ಟೇ. 2013ರಲ್ಲಿ ಬೆಂಗಳೂರು ಎಫ್‌ಸಿ ಅನ್ನುವ ಹೊಸ ತಂಡ ಅಶೋಕನಗರದಲ್ಲಿ ಆಡಲು ಬಂದಾಗ ಕೂರಲು ಯೋಗ್ಯವಾಗಿದ್ದದ್ದು ಸುಮಾರು 8,400 ಜಾಗ. ಒಂದು ಕಾಲದಲ್ಲಿ ಇಡೀ ಕಂಟೋನ್ಮೆಂಟ್ ತುಂಬಿಕೊಳ್ಳುತ್ತಿದ್ದ ಗ್ಯಾಲರಿ ಅದು. ಮಾಲ್‌ಗಳಿಗೆ ಹತ್ತು ಮಹಡಿ ಎಬ್ಬಿಸಿದ ಊರಿಗೆ ಹತ್ತು ಮೆಟ್ಟಿಲು ರಿಪೇರಿ ಮಾಡಿಸಲು ಆಗಲಿಲ್ಲ!

ಹೊಸ ಕಾಲದ ಒಳ್ಳೆಯದು, ಕೆಟ್ಟದ್ದು

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕಸ ಅನ್ನುವ ಜಾತಿಯವನಲ್ಲ ನಾನು. 2013ರ ಸೆಪ್ಟೆಂಬರ್ 22ರಂದು ಆ ಹೊಸ ತಂಡ ಮೋಹನ್ ಬಗಾನ್ ಜೊತೆ ಮೊದಲ ಪಂದ್ಯ ಆಡಿ 1-1 ಡ್ರಾ ಮಾಡಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು, ಅದೇ ವರ್ಷ ಎಎಫ್‌ಸಿ ಕಪ್ ಫೈನಲಿಗೆ ಹೋಯಿತು. ಭಾರತದ ಯಾವ ತಂಡವೂ ಅಲ್ಲಿಯವರೆಗೆ ಆ ಮೆಟ್ಟಿಲು ಹತ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಅಂದರೆ, ಅಶೋಕನಗರದ ಪಶ್ಚಿಮದ ಗ್ಯಾಲರಿಯಲ್ಲಿ ಹುಡುಗ ಹುಡುಗಿಯರು ನೀಲಿ ಅಂಗಿ ಹಾಕಿ, ತೊಂಬತ್ತು ನಿಮಿಷ ನಿಂತು ಹಾಡಿದರು. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಹೆಸರಿಟ್ಟುಕೊಂಡರು. ಗ್ಯಾಲರಿ ಸತ್ತಿರಲಿಲ್ಲ, ಯಾರಾದರೂ ಕರೆಯಲಿ ಅಂತ ಕಾಯುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2023ರ ಜುಲೈನಲ್ಲಿ ಸ್ಯಾಫ್ ಫೈನಲ್ಲಿಗೆ ಕಂಠೀರವ ತುಂಬಿ ತುಳುಕಿತು. ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಅಂದು ಕೂಗಿದವರು ಈ ಊರಿನವರೇ.

ಆದರೆ ತಂಡ ಕಂಠೀರವಕ್ಕೆ ಹೋದ ಮೇಲೆ ಚೆಂಡಿಗೂ ನಮಗೂ ನಡುವೆ ಓಟದ ಟ್ರ್ಯಾಕು ಬಂತು. ಐಎಸ್‌ಎಲ್ ಸೇರಿದ ಮೇಲೆ ಪಂದ್ಯದ ಹೊತ್ತನ್ನು ಟೀವಿ ನಿರ್ಧರಿಸತೊಡಗಿತು. ಸಂಜೆ ಏಳೂವರೆಗೆ ಶುರುವಾದರೆ ಮುಗಿಯುವುದು ಒಂಬತ್ತೂವರೆಗೆ. ಮಾರನೆಯ ದಿನ ಸ್ಕೂಲಿರುವ ಹುಡುಗ ಕೆಂಗೇರಿಗೋ ಯಲಹಂಕಕ್ಕೋ ಮನೆ ಮುಟ್ಟುವುದು ಯಾವಾಗ?

ಇನ್ನೊಂದು ಅನ್ಯಾಯ ಕೇಳಿ. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ ಮೊದಲ ಒಂಬತ್ತು ಸೀಸನ್ ಕೆಳಗಿನ ಲೀಗಿನಲ್ಲಿ ಗೆದ್ದು ಮೇಲೆ ಬರುವ ದಾರಿಯೇ ಇರಲಿಲ್ಲ. ದುಡ್ಡು ಕೊಟ್ಟವನಿಗೆ ಬಾಗಿಲು. ಗೆದ್ದು ಮೇಲೆ ಬಂದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ನಮ್ಮ ಬೀದಿಯ ತಂಡ ಎಷ್ಟು ಗೆದ್ದರೂ ಬೀದಿಯಲ್ಲೇ ಇರಬೇಕು ಅಂತಾದರೆ ಬೀದಿಯವರು ಯಾಕೆ ನೋಡಲು ಬರುತ್ತಾರೆ? ಕಂಪನಿಯ ಕೈಯಲ್ಲಿ ಆಟ ಕೊಟ್ಟರೆ ಏನಾಗುತ್ತದೆ ಅಂತ 2025ರಲ್ಲಿ ಕಣ್ಣಾರೆ ಕಂಡೆವು. ಫೆಡರೇಶನ್ನಿಗೂ ಲೀಗು ನಡೆಸುವ ಕಂಪನಿಗೂ ಕರಾರು ಹರಿಯಲಿಲ್ಲ. ಜುಲೈನಲ್ಲಿ ಸೀಸನ್ನನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ದೊಡ್ಡವರ ಸಹಿ ಬೀಳದಿದ್ದರೆ ಚೆಂಡೂ ಉರುಳುವುದಿಲ್ಲ ಅನ್ನುವ ಸ್ಥಿತಿ!

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ ಸಂಗತಿ ಬೇರೆ ಇದೆ. 54 ವರ್ಷ ಕಾದ ಮೇಲೆ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. 2023ರ ಮಾರ್ಚ್ 4, ಮೇಘಾಲಯದ ವಿರುದ್ಧ 3-2. ಎಲ್ಲಿ ಆಯ್ತು ಫೈನಲ್ಲು? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! 1969ರಲ್ಲಿ ಬೆಂಗಳೂರಿನ ಜನರ ಕಣ್ಣೆದುರೇ ಗೆದ್ದ ಕಪ್ಪು ಅದು. ಆವತ್ತು ಗ್ಯಾಲರಿಯಲ್ಲಿ ಕೂತಿದ್ದ ಎಷ್ಟೋ ಮುದುಕರು ಇನ್ನೊಂದು ಸಲ ನೋಡಬೇಕು ಅಂತ ಅರ್ಧ ಶತಮಾನ ಕಾದರು. ಅವರ ಪೈಕಿ ಬದುಕಿದ್ದವರು ರಿಯಾದ್‌ಗೆ ವೀಸಾ ಮಾಡಿಸಬೇಕಿತ್ತೇ? ಗೆದ್ದ ಹುಡುಗರಿಗೆ ನನ್ನ ಸಾವಿರ ಸಲಾಂ. ಅವರ ತಾಯಂದಿರು, ಗೆಳೆಯರು, ಬೀದಿಯವರು ನೋಡದ ಜಾಗದಲ್ಲಿ ಆಡಿಸಿದವರಿಗೆ ಒಂದೇ ಪ್ರಶ್ನೆ: ಆ ಫೈನಲ್ ಯಾರಿಗೋಸ್ಕರ?

ಹಳೆಯ ಗ್ಯಾಲರಿಯ ಕೊಳಕು

ಹಾಗಾದರೆ ಹಳೆಯದನ್ನು ಹಾಗೆಹಾಗೇ ವಾಪಸ್ ತರಬೇಕೇ? ಬೇಡವೇ ಬೇಡ. ಆ ಮೆಟ್ಟಿಲ ಮೇಲೆ ಹೆಂಗಸರನ್ನು ಹುಡುಕಬೇಕಿತ್ತು. ಅಕ್ಕ ತಂಗಿಯರನ್ನು ಕರೆದುಕೊಂಡು ಹೋಗುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ, ಬಾಯಿ ಅಷ್ಟು ಹೊಲಸು. ಕಕ್ಕಸು ಕೇಳಬೇಡಿ. ಜಗಳವಾದರೆ ಪೊಲೀಸರ ಲಾಠಿಗೆ ತಲೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಜನಜಂಗುಳಿಯ ಹುಚ್ಚು ಪ್ರಾಣವನ್ನೂ ತೆಗೆದಿದೆ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯದ ಗಲಾಟೆಯಲ್ಲಿ 16 ಜನ ಸತ್ತರು. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರ ಏಪ್ರಿಲ್ 15ರಂದು ಕಂಬಿಬೇಲಿಗೆ ಒತ್ತಿ ಜಜ್ಜಿಹೋದವರು 97 ಜನ. ಪೊಲೀಸರು, ಪತ್ರಿಕೆಗಳು ಸತ್ತವರನ್ನೇ ಕುಡುಕರು ಅಂತ ಬೈದರು. ತಪ್ಪು ಅಭಿಮಾನಿಗಳದಲ್ಲ, ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಅಂತ ವಿಚಾರಣೆಯಲ್ಲಿ ತೀರ್ಪು ಬರಲು 2016ರವರೆಗೆ, ಇಪ್ಪತ್ತೇಳು ವರ್ಷ ಬೇಕಾಯಿತು.

ದೂರದ ಕಥೆ ಯಾಕೆ? 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಬಾಗಿಲಲ್ಲೇ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಕ್ರಿಕೆಟ್ ಕಪ್ಪಿನ ಸಂಭ್ರಮ ನೋಡಲು ಹೋದ ಮಕ್ಕಳು. ಅವತ್ತೂ ಕೆಲವರು 'ಹುಚ್ಚು ಅಭಿಮಾನ' ಅಂತ ಹುಡುಗರ ಕಡೆಗೇ ಬೊಟ್ಟು ಮಾಡಿದರು. ಬಾಗಿಲು ಯಾರು ತೆರೆಯಬೇಕಿತ್ತು, ಎಷ್ಟು ಜನಕ್ಕೆ ಜಾಗ ಇತ್ತು, ಯಾರು ಕರೆದರು? ಇವು ಮೊದಲು ಕೇಳಬೇಕಾದ ಪ್ರಶ್ನೆಗಳು. ವಾರ ವಾರ ಜನರನ್ನು ಮರ್ಯಾದೆಯಿಂದ ಒಳಗೆ ಬಿಟ್ಟು ಹೊರಗೆ ಕಳಿಸುವ ಅಭ್ಯಾಸವೇ ಇಲ್ಲದ ಊರಿನಲ್ಲಿ ಒಂದು ದಿನ ಲಕ್ಷ ಜನ ಬಂದರೆ ವ್ಯವಸ್ಥೆ ಕುಸಿಯುತ್ತದೆ. ಗ್ಯಾಲರಿ ಅಂದರೆ ಇಟ್ಟಿಗೆ ಸಿಮೆಂಟು ಮಾತ್ರವಲ್ಲ. ಬಾಗಿಲು ಕಾಯುವವನಿಗೆ, ಪೊಲೀಸಿಗೆ, ನೋಡುವವನಿಗೆ, ಎಲ್ಲರಿಗೂ ವರ್ಷಗಟ್ಟಲೆ ರೂಢಿಯಾಗಬೇಕಾದ ಕೆಲಸ ಅದು.

ಅಲ್ಲಿಯವರು ಮಾಡಿದ್ದು, ನಾವು ಮಾಡಬೇಕಾದದ್ದು

ನೀವು ಲಿವರ್‌ಪೂಲ್ ಅಂಗಿ ಹಾಕುತ್ತೀರಲ್ಲ, ಆ ಊರಿನವರಿಂದ ಒಂದು ಪಾಠ ಕಲಿಯಿರಿ. ಹಿಲ್ಸ್‌ಬರೋ ಆದ ಮೇಲೆ ನ್ಯಾಯಮೂರ್ತಿ ಟೇಲರ್ 1990ರಲ್ಲಿ ಕೊಟ್ಟ ವರದಿಯಿಂದ ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಎಲ್ಲರಿಗೂ ಕುರ್ಚಿ ಬಂತು. ಒಳ್ಳೆಯದೇ. ಕುರ್ಚಿಯ ನೆಪದಲ್ಲಿ ಬಡವನನ್ನು ಹೊರಹಾಕಬಾರದು ಎಂಬ ಕಾಳಜಿಯೂ ಆ ವರದಿಯಲ್ಲಿತ್ತು. ಆದರೆ 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಯಿತು, ಟೀವಿ ದುಡ್ಡು ಹರಿಯಿತು, ಟಿಕೆಟ್ ದರ ಗಗನಕ್ಕೆ ಹೋಯಿತು. ಬಂದರಿನ ಕೂಲಿಯವನ ಮಗ ತನ್ನ ಅಪ್ಪ ನಿಂತಿದ್ದ ಜಾಗಕ್ಕೆ ಹೋಗಲಾರದೇ ಹೋದ.

ಅವರು ಬರೀ ನಿಟ್ಟುಸಿರು ಬಿಟ್ಟು ಕೂರಲಿಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಮಾಲೀಕರು ಒಂದು ಟಿಕೆಟ್ಟಿಗೆ 77 ಪೌಂಡ್ ಅಂದರು. ಮುಂದಿನ ಪಂದ್ಯದ 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ತಂಡ 2-0 ಮುಂದಿತ್ತು, ಕೊನೆಗೆ 2-2 ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರ ವಾಪಸ್ ತೆಗೆದುಕೊಂಡರು. ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು ಅನ್ನುವ ನಿಯಮ ಇದೆ. ಡಾರ್ಟ್‌ಮುಂಡ್‌ನಲ್ಲಿ ಒಂದೇ ಬದಿಯ ಗ್ಯಾಲರಿಯಲ್ಲಿ ಸುಮಾರು 25,000 ಜನ ಇವತ್ತಿಗೂ ನಿಂತು ಆಟ ನೋಡುತ್ತಾರೆ, ಸುರಕ್ಷಿತವಾಗಿ. ಇಂಗ್ಲೆಂಡಿನಲ್ಲೂ 2022ರಿಂದ ಕಂಬಿ ಹಾಕಿದ ಸುರಕ್ಷಿತ ನಿಲ್ಲುವ ಜಾಗಕ್ಕೆ ಮತ್ತೆ ಅನುಮತಿ ಕೊಟ್ಟಿದ್ದಾರೆ. ನೆನಪನ್ನು ಹಕ್ಕೊತ್ತಾಯವಾಗಿ ಬದಲಾಯಿಸಿದರೆ ಸಿಗುತ್ತದೆ. ಬರೀ ಹಾಡಿದರೆ ಸಿಗುವುದಿಲ್ಲ.

ನಮ್ಮ ಹಕ್ಕೊತ್ತಾಯ ಏನು?

ಅಶೋಕನಗರದ ಸ್ಟೇಡಿಯಮ್ಮಿನ ಗ್ಯಾಲರಿಗಳನ್ನು ಗಟ್ಟಿಯಾಗಿ ಕಟ್ಟಿ, ಪೂರ್ತಿ ತುಂಬುವ ಹಾಗೆ ಮಾಡಿ. ಅದು ಫುಟ್‌ಬಾಲಿನ ಜಾಗ, ಫುಟ್‌ಬಾಲಿಗೇ ಇರಲಿ. ಹೆಂಗಸರಿಗೆ ಶುಚಿಯಾದ ಕಕ್ಕಸು ಮೊದಲ ದಿನದಿಂದಲೇ ಇರಲಿ.

ಪ್ರತಿ ದೊಡ್ಡ ಪಂದ್ಯಕ್ಕೂ ಒಂದು ಗ್ಯಾಲರಿ ವಿದ್ಯಾರ್ಥಿಗಳಿಗೆ, ದುಡಿಯುವವರಿಗೆ ಕೈಗೆಟುಕುವ ದರದಲ್ಲಿ ಮೀಸಲಾಗಲಿ. ಭಾನುವಾರದ ಪಂದ್ಯವಾದರೂ ಮಧ್ಯಾಹ್ನ ಶುರುವಾಗಲಿ.

ಮೈಕಿನಲ್ಲಿ, ಸ್ಕೋರ್ ಬೋರ್ಡಿನಲ್ಲಿ, ಟಿಕೆಟ್ಟಿನ ಮೇಲೆ ಕನ್ನಡ ಮೊದಲಿರಲಿ. ಕರ್ನಾಟಕದ ತಂಡ ಆಡುವಾಗ ಗೋಲು ಹೊಡೆದವನ ಹೆಸರನ್ನು ಕನ್ನಡದಲ್ಲಿ ಕೂಗಿ ಹೇಳಲು ಯಾರ ಅಪ್ಪಣೆ ಬೇಕು?

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಐದೂ ಪಾಲಿಕೆಗಳು ತಮ್ಮ ಆಟದ ಮೈದಾನಗಳನ್ನು ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಡುವ ಗೀಳಿಗೆ ಬೀಳದೆ ಬೀದಿಯ ಹುಡುಗರಿಗೆ ಬಿಟ್ಟುಕೊಡಲಿ. ಸರ್ಕಾರದ ಇಲಾಖೆಗಳು ಆಟಗಾರರಿಗೆ ಖಾಯಂ ನೌಕರಿ ಕೊಡಲಿ. ನೌಕರಿ ಇಲ್ಲದೆ ಕೆಂಪಯ್ಯ ಹುಟ್ಟುವುದಿಲ್ಲ.

ಇದನ್ನೆಲ್ಲ ಕೇಳಲು ಮೊದಲು ನಾವು ಅಲ್ಲಿರಬೇಕು. ಖಾಲಿ ಗ್ಯಾಲರಿಯ ಪರವಾಗಿ ಯಾವ ಮಂತ್ರಿಯೂ ಮಾತಾಡುವುದಿಲ್ಲ. ಕನ್ನಡದ ಗೆಳೆಯರೇ, ಮ್ಯಾಂಚೆಸ್ಟರ್ ಪಂದ್ಯ ರಾತ್ರಿಗಿದೆ, ನೋಡಿಕೊಳ್ಳಿ. ಅದಕ್ಕೂ ಮೊದಲು, ಲೀಗ್ ಪಂದ್ಯ ಇರುವ ಒಂದು ದಿನ ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಅಶೋಕನಗರಕ್ಕೆ ನಡೆದುಕೊಂಡು ಹೋಗಿ. ತಂಗಿಯನ್ನೂ ಕರೆದುಕೊಂಡು ಹೋಗಿ. ಆಡುವ ಹುಡುಗರ ಹೆಸರು ಕೇಳಿಕೊಳ್ಳಿ. ಪಕ್ಕದಲ್ಲಿ ಕೂತ ಮುದುಕನಿಗೆ ಕಡಲೆಕಾಯಿ ಕೊಟ್ಟು, 'ತಾತಾ, ನಿಮ್ಮ ಕಾಲದಲ್ಲಿ ಹೆಂಗಿತ್ತು?' ಅಂತ ಕೇಳಿ. ಆತ ಪಂದ್ಯ ಮುಗಿದರೂ ನಿಲ್ಲಿಸುವುದಿಲ್ಲ, ನೋಡುತ್ತಿರಿ.